ತಲೆಗೊಂದು ಕಾಳು

ನನ್ನ ಅಕ್ಕನ ಮಗಳು ತನ್ನ ಇಡೀ ಜೀವನವನ್ನೇ ದೇವರಿಗೆ ಕೊಟ್ಟವಳು. ಆದರೆ ಲೋಕಲ್ ಟ್ರೇನಿನ ಕಿಟಕಿ ಸೀಟನ್ನು ಮಾತ್ರ ದೇವರೇ ಬಂದು ಕೇಳಿದರೂ ಕೊಡುವವಳಲ್ಲ!

ಹೆಸರು ಹೇಳುವುದಿಲ್ಲ. ಹೇಳಿದರೆ ಅವಳಿಗೆ ಸನ್ಯಾಸಿನಿಯರ ಕಾನ್ವೆಂಟಿನಲ್ಲಿ ಬೈಗುಳ, ನನಗೆ ಅಕ್ಕನ ಮನೆಯಲ್ಲಿ ಊಟ ಬಂದ್. ನಾನು ಮದುವೆಯಾಗದವನು, ಬ್ಯಾಂಕಿನಿಂದ ನಿವೃತ್ತನಾದವನು, ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಒಬ್ಬನೇ ಕೂತು ಗೊಣಗುವವನು. ದಹಿಸರ್‌ನ ಅಕ್ಕನ ಮನೆಯ ಮೀನುಸಾರನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ. ಆದ್ದರಿಂದ ಎಲ್ಲರಂತೆ ನಾನೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತೇನೆ. ತೊಟ್ಟಿಲು ತೂಗಿದ ಮಗುವನ್ನು ಸಿಸ್ಟರ್ ಎಂದು ಕರೆಯಬೇಕಾದ ಗತಿ ನಮ್ಮ ಕ್ರೈಸ್ತ ಮಾವಂದಿರಿಗಲ್ಲದೆ ಇನ್ಯಾರಿಗೆ ಬಂದೀತು?

ನಮ್ಮ ಮನೆಮಾತು ಮಂಗಳೂರಿನ ಕೊಂಕಣಿ. ಮುಂಬೈಯಲ್ಲೇ ಹುಟ್ಟಿ ಬೆಳೆದ ಸಿಸ್ಟರ್ ಕೊಂಕಣಿಯಲ್ಲಿ ಶುರುಮಾಡಿದ ವಾಕ್ಯವನ್ನು ಹಿಂದಿಯಲ್ಲಿ ತಿರುಗಿಸಿ ಇಂಗ್ಲಿಷಿನಲ್ಲಿ ಮುಗಿಸುತ್ತಾಳೆ. ನನ್ನೊಡನೆ ಮಾತ್ರ ಹಟ ಹಿಡಿದು ಕನ್ನಡ ಆಡುತ್ತಾಳೆ. ಅವಳಿಗೆ ಕನ್ನಡ ಕಲಿಸಿದವನು ನಾನು. ಆ ಕನ್ನಡದಲ್ಲೇ ನನ್ನ ಬಾಯಿ ಮುಚ್ಚಿಸುವವಳು ಅವಳು.

ಕಿಟಕಿ ಸೀಟಿನ ವಿಷಯಕ್ಕೆ ಬರುತ್ತೇನೆ. ನನ್ನ ಕಣ್ಣಿನ ಆಪರೇಶನ್ ಆದ ಮರುದಿನ ನನ್ನನ್ನು ಆಸ್ಪತ್ರೆಯಿಂದ ದಹಿಸರ್‌ಗೆ ಕರೆದುಕೊಂಡು ಹೋಗುವ ಜವಾಬ್ದಾರಿ ಸಿಸ್ಟರ್‌ನದಾಗಿತ್ತು. ನನ್ನ ಎಡಗಣ್ಣಿಗೆ ಹತ್ತಿಯ ಪಟ್ಟಿ. ಬಿಳಿಯ ಉಡುಪಿನ ಸನ್ಯಾಸಿನಿ ಬರುವುದನ್ನು ಕಂಡು ಟ್ರೇನಿನಲ್ಲಿ ಜನ ಎದ್ದು ಜಾಗ ಬಿಟ್ಟರು. ಕಿಟಕಿಯ ಬಳಿ ನನ್ನನ್ನು ಕೂರಿಸುತ್ತಾಳೆಂದು ಎರಡು ಹೆಜ್ಜೆ ಮುಂದೆ ಹೋದೆ. ಅಷ್ಟರಲ್ಲಿ ಅವಳು ಅಲ್ಲಿ ಕೂತು ಮುಖಕ್ಕೆ ಗಾಳಿ ಹಿಡಿಯುತ್ತಿದ್ದಳು.

"ನಾನು ಪೇಷಂಟ್" ಎಂದು ನೆನಪಿಸಿದೆ.

"ಹೌದಲ್ಲ ಮಾಮಾ. ನಿಮಗೆ ಹೇಗೂ ಸರಿ ಕಾಣುದಿಲ್ಲ. ಸುಮ್ನೆ ಸೀಟು ವೇಸ್ಟ್."

ಬಡತನದ ವ್ರತ ತೊಟ್ಟವರಿಗೆ ಇಷ್ಟು ಆಸೆ ಇರಬಾರದೆಂದು ನಾನು ಉಪದೇಶಕ್ಕಿಳಿದೆ. ಬಡತನದ ವ್ರತವೆಂದರೆ ಸ್ವಂತಕ್ಕೆ ಏನನ್ನೂ ಇಟ್ಟುಕೊಳ್ಳಬಾರದು ಎಂದರ್ಥವಂತೆ. ಕಿಟಕಿ ಸೀಟನ್ನು ಅವಳೇನೂ ಮನೆಗೆ ಒಯ್ಯುವುದಿಲ್ಲವಂತೆ, ಇಳಿಯುವಾಗ ರೈಲ್ವೆಗೇ ಬಿಟ್ಟು ಹೋಗುತ್ತಾಳಂತೆ. ಇಂಥವರೊಡನೆ ಏನು ವಾದ ಮಾಡುತ್ತೀರಿ? ನಾನು ಇದ್ದ ಒಂದು ಕಣ್ಣನ್ನೂ ಮುಚ್ಚಿ ಕೂತೆ.

ಅವಳ ಉಡುಪಿನ ಜೇಬುಗಳದ್ದು ಇನ್ನೊಂದು ಕಥೆ. ಬಲಗಡೆ ಜಪಸರ. ಎಡಗಡೆ ಸ್ಕ್ರೂಡ್ರೈವರ್, ಟೆಸ್ಟರ್, ಫ್ಯೂಸ್ ವೈರ್. ಒಮ್ಮೆ ಮೆಟ್ರೋ ಸ್ಟೇಷನ್ನಿನ ತಪಾಸಣೆಯಲ್ಲಿ ಯಂತ್ರ ಕೀಂ ಎಂದಿತು. ಸೆಕ್ಯೂರಿಟಿ ಹೆಂಗಸು ಒಂದೊಂದಾಗಿ ಸಾಮಾನು ತೆಗೆದು ಟ್ರೇಯಲ್ಲಿ ಇಡುತ್ತಾ ಹೋದಳು. ಕೊನೆಗೆ ಇಕ್ಕಳವೂ ಬಂತು. ಆ ಹೆಂಗಸು ಟ್ರೇಯನ್ನೂ ಸಿಸ್ಟರ್‌ನ ಮುಖವನ್ನೂ ನೋಡಿ, "ಸಿಸ್ಟರ್, ಆಪ್ ಕರ್ತೀ ಕ್ಯಾ ಹೋ?" ಎಂದು, ಎಂದರೆ ನೀವು ಮಾಡುವುದಾದರೂ ಏನೆಂದು, ಕೇಳಿದಳು.

"ಪ್ರಾರ್ಥನೆ" ಎಂದಳು ನಮ್ಮ ಸಿಸ್ಟರ್ ಹಿಂದಿಯಲ್ಲಿ. "ಅದರಿಂದ ಆಗದಿದ್ದರೆ ಇಕ್ಕಳ."

ಕಾನ್ವೆಂಟಿನ ಮಿಕ್ಸಿ, ಫ್ಯಾನು, ಇಗರ್ಜಿಯ (ಚರ್ಚಿಗೆ ನಾವು ಹಾಗೆನ್ನುವುದು) ಮೈಕು, ಒಬ್ಬ ಫಾದರ್‌ರ ಕಿವಿಯ ಯಂತ್ರ, ಎಲ್ಲವೂ ಅವಳ ಕೈಯಲ್ಲಿ ರಿಪೇರಿ ಕಂಡಿವೆ. ಕಿವಿಯ ಯಂತ್ರ ಸರಿಹೋದ ಮೇಲೆ ಆ ಫಾದರ್‌ರ ಬಳಿ ಪಾಪನಿವೇದನೆಗೆ ಹೋಗುವವರ ಸಂಖ್ಯೆ ಅರ್ಧಕ್ಕಿಳಿಯಿತು. ಅಲ್ಲಿಯವರೆಗೆ ಜನ ಅವರ ಬಳಿ ನೆಮ್ಮದಿಯಿಂದ ಪಾಪ ಹೇಳಿಕೊಳ್ಳುತ್ತಿದ್ದರು!

ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುವುದೂ ಅವಳ ಕೆಲಸ. ಸ್ವರ್ಗಕ್ಕೆ ಹೋಗುವ ಮುನ್ನ ಆತ್ಮಗಳು ಪರ್ಗೆಟರಿ ಎಂಬ ಕಡೆ ಕಾದು ಶುದ್ಧವಾಗಬೇಕೆಂದು ನಮ್ಮಲ್ಲಿ ನಂಬಿಕೆಯುಂಟು. ನನಗೆ ಅದನ್ನು ಕಲಿಸಿದ ಟೀಚರ್ ಬೆಂಕಿ, ಹೊಗೆ, ಹಲ್ಲು ಕಡಿಯುವ ಸದ್ದು ಎಲ್ಲವನ್ನೂ ತಂದು, ನಾನು ಒಂದು ವಾರ ಬೆಂಕಿಪೆಟ್ಟಿಗೆ ಮುಟ್ಟದಂತೆ ಮಾಡಿದ್ದರು. ಸಿಸ್ಟರ್ ಬೋರ್ಡಿನ ಮೇಲೆ ಒಂದು ರೈಲು ಬರೆದು, "ಇದು ಆರ್‌ಎಸಿ ಟಿಕೆಟ್. ನೀವು ಗಾಡಿಯ ಒಳಗೆ ಉಂಟು. ಯಾರೂ ಇಳಿಸುದಿಲ್ಲ. ಬರ್ತ್ ಇನ್ನೂ ಕನ್ಫರ್ಮ್ ಆಗ್ಲಿಲ್ಲ, ಅಷ್ಟೇ" ಎಂದಳಂತೆ. ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಮುಂದಿನ ತಿಂಗಳು ಫಾದರ್ ಇದನ್ನೇ ಪ್ರವಚನದಲ್ಲಿ ತಮ್ಮದೆಂಬಂತೆ ಹೇಳಿದರು. ಆಮೇಲೆ ನಮ್ಮ ಕಡೆಯ ಒಬ್ಬ ಮುದುಕಿ ಫಾದರ್‌ರ ಬಳಿ ಹೋಗಿ, ಸೀನಿಯರ್ ಸಿಟಿಜನ್ನರಿಗೆ ಲೋವರ್ ಬರ್ತ್ ಕೋಟಾ ಇದೆಯೇ ಎಂದು ವಿಚಾರಿಸಿದಳಂತೆ.

ಇನ್ನು ಟಿವಿ. ಕಾನ್ವೆಂಟಿನಲ್ಲಿ ಟಿವಿಗೆ ಸಿಗುವುದು ದಿನಕ್ಕೆ ಅರ್ಧ ಗಂಟೆ, ಅದೂ ಸುದ್ದಿ ಮಾತ್ರ. ಸಿಸ್ಟರ್ ಡಿಸ್ಪೆನ್ಸರಿಯ ಡ್ಯೂಟಿಯಲ್ಲಿದ್ದಾಗ ಅಲ್ಲಿನ ಟಿವಿಯಲ್ಲಿ ಒಂದು ಹಿಂದಿ ಧಾರಾವಾಹಿಗೆ ಸಿಕ್ಕಿಬಿದ್ದಳು. ನಾಯಕಿಗೆ ನೆನಪಿನ ಶಕ್ತಿ ಹೋಗಿತ್ತು, ಗಂಡ ಬೇರೆ ಮದುವೆಗೆ ಹೊರಟಿದ್ದ. ಸಂಜೆಯ ಪ್ರಾರ್ಥನೆಯಲ್ಲಿ ಒಬ್ಬೊಬ್ಬರೂ ಕಷ್ಟದಲ್ಲಿರುವವರಿಗಾಗಿ ಬೇಡಿಕೊಳ್ಳುವುದು ರೂಢಿ. ಸಿಸ್ಟರ್ ಕಣ್ಣು ಮುಚ್ಚಿ, "ಗೋರೆಗಾಂವ್‌ನಲ್ಲಿ ನೆನಪು ಕಳೆದುಕೊಂಡ ಒಬ್ಬ ಹೆಣ್ಣುಮಗಳಿಗಾಗಿ" ಎಂದಳು. ಹದಿನೈದು ಸಿಸ್ಟರುಗಳು ಮೂರು ವಾರ ಆ ಹೆಣ್ಣುಮಗಳಿಗಾಗಿ ಮೊಣಕಾಲೂರಿದರು. ಧಾರಾವಾಹಿಯ ಶೂಟಿಂಗ್ ಗೋರೆಗಾಂವ್‌ನಲ್ಲೇ ನಡೆಯುವುದರಿಂದ ತಾನು ಸುಳ್ಳು ಹೇಳಲಿಲ್ಲ ಎಂಬುದು ಅವಳ ಸಮಜಾಯಿಷಿ.

ಒಂದು ದಿನ ಮದರ್, ಎಂದರೆ ಕಾನ್ವೆಂಟಿನ ಮುಖ್ಯಸ್ಥೆ, ಊಟದ ಮೇಜಿನಲ್ಲಿ ಆ ಹೆಂಗಸಿನ ಯೋಗಕ್ಷೇಮ ಕೇಳಿದರು. "ನೆನಪು ಬಂತು ಮದರ್, ಆದ್ರೆ ಗಂಡನ ಮದುವೆ ಆಗಿಹೋಯ್ತು" ಎಂದಳು ಸಿಸ್ಟರ್. ಮದರ್ ತಟ್ಟೆ ಸರಿಸಿ ಎದ್ದುಹೋದರು. ಸತ್ಯ ತಿಳಿದ ದಿನ ಮದರ್ ಅವಳನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿ, ಐದು ನಿಮಿಷ ಬೈದರಂತೆ. ಆಮೇಲೆ ದನಿ ತಗ್ಗಿಸಿ, "ಈಗ ಅವಳೆಲ್ಲಿದ್ದಾಳೆ?" ಎಂದು ಕೇಳಿದರಂತೆ.

ಇಂಥ ಹುಡುಗಿ ಸನ್ಯಾಸಿನಿ ಆದದ್ದೇ ದೊಡ್ಡ ಆಶ್ಚರ್ಯ. ಅವಳು ಲೇತ್ ಮೆಷಿನ್ನಿನ ಮುಂದೆ ನಿಲ್ಲಬೇಕಾದವಳು. ಜೋಗೇಶ್ವರಿಯಲ್ಲಿ ನನ್ನ ಭಾವನದೊಂದು ಗಾಲಾ ಉಂಟು. ತಗಡಿನ ಮಾಡಿನ ಚಿಕ್ಕ ವರ್ಕ್‌ಶಾಪಿಗೆ ಮುಂಬೈಯಲ್ಲಿ ಹಾಗೆನ್ನುತ್ತಾರೆ. ಒಬ್ಬಳೇ ಮಗಳು. ಎಂಟು ವರ್ಷದವಳಿರುವಾಗಲೇ ಭಾವ ಅವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟ, ಹದಿನಾಲ್ಕಕ್ಕೆ ಲೇತ್ ಕಲಿಸಿದ, ಆಮೇಲೆ ಡಿಪ್ಲೊಮಾ ಓದಿಸಿದ. ಗಾಲಾ ಅವಳದ್ದೇ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಅದೇ ಲೇತಿನ ಪಕ್ಕ ನಿಂತು, ಕೈಯ ಎಣ್ಣೆ ಒರೆಸಿಕೊಳ್ಳುತ್ತಾ, "ಪಪ್ಪಾ, ನಾನು ಕಾನ್ವೆಂಟಿಗೆ ಹೋಗ್ತೇನೆ" ಎಂದಳು.

"ಎಂತ ರಿಪೇರಿಗೆ?" ಎಂದು ಕೇಳಿದ ಭಾವ.

ಅವನಿಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ಅರ್ಥವಾದ ಮೇಲೆ ಮಾತು ನಿಂತಿತು. ಅವಳ ಕಾನ್ವೆಂಟು ಇರುವುದೂ ಜೋಗೇಶ್ವರಿಯಲ್ಲೇ, ಸ್ಟೇಷನ್ನಿನಿಂದ ಗಾಲಾಕ್ಕೆ ಹೋಗುವ ದಾರಿಯಲ್ಲಿ. ಹತ್ತು ನಿಮಿಷದ ಆ ದಾರಿಯನ್ನು ಬಿಟ್ಟು ಭಾವ ಇಪ್ಪತ್ತೈದು ನಿಮಿಷ ಸುತ್ತಿಕೊಂಡು ಹೋಗತೊಡಗಿದ. ಮೊಣಕಾಲು ನೋವೆಂದು ದಿನಾ ಎಣ್ಣೆ ತಿಕ್ಕಿಸಿಕೊಳ್ಳುವವನು ಅವನೇ.

ಅದಕ್ಕಿಂತ ದೊಡ್ಡ ಏಟು ಬಿದ್ದದ್ದು ಮೊಂತಿ ಹಬ್ಬಕ್ಕೆ. ಸೆಪ್ಟೆಂಬರ್ ಎಂಟು, ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ತೆನೆ ಹಬ್ಬವೂ ಹೌದು. ಅಂದು ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯಲ್ಲಿ ಮೀನು ಮಾಂಸ ಇಲ್ಲ, ಪಲ್ಯಗಳ ಸಂಖ್ಯೆ ಬೆಸ ಇರಬೇಕು. ಹಿರಿಯರು ತೆನೆಯ ಕಾಳು ಸುಲಿದು ಪಾಯಸದಲ್ಲಿ ಹಾಕಿ ಎಲ್ಲರಿಗೂ ಕೊಡುತ್ತಾರೆ. ಕೆಲವರು ಕಾಳನ್ನು ಪುಡಿ ಮಾಡುತ್ತಾರೆ. ಭಾವನ ಮನೆಯಲ್ಲಿ ತಲೆಗೊಂದು ಇಡೀ ಕಾಳು. ದುಬೈಯಲ್ಲಿದ್ದರೂ ಮನೆಯವರಿಗೆ ಕಾಳು ತಪ್ಪಬಾರದು, ಲಕೋಟೆಯಲ್ಲಿಟ್ಟು ಅಂಚೆಯಲ್ಲಾದರೂ ಕಳಿಸಬೇಕು. ಕಾಳು ಸಿಕ್ಕಿದವರು ಮನೆಯವರು. ಅಷ್ಟು ಸರಳ.

ಅವಳು ಕಾನ್ವೆಂಟಿಗೆ ಹೋದ ವರ್ಷ ಭಾವ ಸುಲಿದದ್ದು ಮೂರೇ ಕಾಳು. ಅವನಿಗೆ, ಅಕ್ಕನಿಗೆ, ನನಗೆ. ಉಣ್ಣಲು ಮಾತ್ರ ಆ ಮನೆಗೆ ನೆಂಟನಾಗಿ ಹೋಗುವ ನನಗೆ ಕಾಳುಂಟು, ಹೊಟ್ಟೆಯಲ್ಲಿ ಹುಟ್ಟಿದವಳಿಗಿಲ್ಲ! "ಅವಳದ್ದು?" ಎಂದು ಅಕ್ಕ ಕೇಳಿದ್ದಕ್ಕೆ, "ಅವಳಿಗೆ ಕಾನ್ವೆಂಟಿನಲ್ಲಿ ಸಿಗ್ತದೆ" ಎಂದ. ಆರು ವರ್ಷ ಹೀಗೇ ನಡೆಯಿತು. ಪ್ರತಿ ವರ್ಷವೂ ಅಕ್ಕ ತನ್ನ ಕಾಳನ್ನು ಹಲ್ಲಿನಿಂದ ಎರಡು ಮಾಡಿ, ಅರ್ಧವನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದಳು. ಅದನ್ನು ನೋಡಿದ ಮೇಲೆ ನನ್ನ ಗಂಟಲಲ್ಲಿ ಪಾಯಸ ಇಳಿಯುತ್ತಿರಲಿಲ್ಲ. ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದೆ ಎಂಬುದು ಬೇರೆ ಮಾತು.

ಈ ವರ್ಷ ಮೇ ತಿಂಗಳಲ್ಲಿ ಸಿಸ್ಟರ್ ಫೋನ್ ಮಾಡಿದಳು. "ಮಾಮಾ, ಊರಿನಿಂದ ಒಂದು ಕಿಲೋ ಬಿತ್ತನೆ ಭತ್ತ ತರಿಸ್ಲಿಕ್ಕೆ ಆಗ್ತದಾ?"

"ಕಾನ್ವೆಂಟಿನಲ್ಲಿ ಊಟ ಸಾಲುವುದಿಲ್ಲವೇ?"

"ಟೆರೇಸಲ್ಲಿ ಬೆಳೆಸ್ತೇನೆ. ದಹಿಸರ್ ಇಗರ್ಜಿಗೆ ಪ್ರತಿ ವರ್ಷ ತೆನೆ ಊರಿನಿಂದ ಬಸ್ಸಲ್ಲಿ ಬರ್ತದೆ. ಹೋದ ವರ್ಷ ಅರ್ಧಕ್ಕರ್ಧ ಜಳ್ಳು. ಈ ಸಲ ನಮ್ಮದೇ ಕೊಡುದು."

ಇದು ಮೇಲಿನ ಕಾರಣ. ಒಳಗಿನದನ್ನು ಫೋನ್ ಇಡುವ ಮೊದಲು ಹೇಳಿದಳು. "ಪಪ್ಪಾ ನನ್ನ ಕಾಳು ಹಾಕುದಿಲ್ಲ, ಪರವಾಗಿಲ್ಲ. ಆದ್ರೆ ಅವರು ಹಾಕುವ ಕಾಳೆಲ್ಲ ನಾನೇ ಬೆಳೆದದ್ದಾದ್ರೆ, ಆಗ ಎಂತ ಮಾಡ್ತಾರೆ?"

ನಾನು ಭತ್ತ ತರಿಸಿಕೊಟ್ಟೆ.

ಒಡೆದ ಬಕೆಟ್ಟು, ಹಳೆಯ ಸಿಂಕು, ತೂತುಬಿದ್ದ ಟಬ್ಬು, ಒಟ್ಟು ಮೂವತ್ತೆರಡು ಗದ್ದೆಗಳು ಕಾನ್ವೆಂಟಿನ ಟೆರೇಸಿನಲ್ಲಿ ಎದ್ದವು. ಮಳೆ ನೀರಿಗೆ ಒಂದು ಡ್ರಮ್ಮು, ಡ್ರಮ್ಮಿನಿಂದ ಪೈಪು, ಪೈಪಿಗೊಂದು ವಾಲ್ವು. ಆಗಸ್ಟಿನಲ್ಲಿ ತೆನೆ ಇಣುಕಿದ ಕೂಡಲೇ ಜೋಗೇಶ್ವರಿಯ ಪಾರಿವಾಳಗಳಿಗೆ ಸುದ್ದಿ ಮುಟ್ಟಿತು. ಸಿಸ್ಟರ್ ಏನು ಮಾಡಿದಳು ಗೊತ್ತೇ? ಒರೆಸುಬಟ್ಟೆ ಮಾಡಲು ಇಟ್ಟಿದ್ದ ಮದರ್‌ರ ಹಳೆಯ ಉಡುಪನ್ನು ತಂದು, ಬಿದಿರಿಗೆ ತೊಡಿಸಿ, ಮೇಲೊಂದು ಮಡಕೆಯಿಟ್ಟು, ತಲೆವಸ್ತ್ರ ಹೊದಿಸಿ, ಹಳೆಯ ಕನ್ನಡಕ ಏರಿಸಿ, ಎರಡೂ ಕೈ ಚಾಚಿಸಿ ನಿಲ್ಲಿಸಿದಳು.

ಮೂರು ದಿನ ಜಡಿಮಳೆ. ನಾಲ್ಕನೆಯ ದಿನ ಎದುರು ಬಿಲ್ಡಿಂಗಿನಿಂದ ಕಾನ್ವೆಂಟಿಗೆ ಫೋನು ಬಂತು. ನಿಮ್ಮ ಮದರ್ ಮೂರು ದಿನದಿಂದ ಟೆರೇಸಿನಲ್ಲಿ ಮಳೆಯಲ್ಲಿ ನೆನೆಯುತ್ತಾ ಪ್ರಾರ್ಥನೆ ಮಾಡುತ್ತಿದ್ದಾರೆ, ವಯಸ್ಸಾದವರು, ಯಾರಾದರೂ ಒಳಗೆ ಕರೆದುಕೊಳ್ಳಬಾರದೇ ಎಂದು ಒಬ್ಬ ಹೆಂಗಸು ಬೇಡಿಕೊಂಡಳು.

"ಮಾತಾಡುತ್ತಿರುವುದು ಮದರೇ" ಎಂದರು ಮದರ್.

ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಂಡ ಸಂತರ ಕಥೆಗಳು ನಮ್ಮಲ್ಲಿ ಬೇಕಾದಷ್ಟುಂಟು. ಸಂಜೆಯ ಹೊತ್ತಿಗೆ ಕಾನ್ವೆಂಟಿನ ಗೇಟಿನಲ್ಲಿ ಎಂಟು ಮೇಣದ ಬತ್ತಿ, ಎರಡು ಚೆಂಡುಹೂವಿನ ಮಾಲೆ! ಮದರ್ ಟೆರೇಸು ಹತ್ತಿ, ತಮ್ಮ ಪ್ರತಿಮೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಸಿಸ್ಟರ್ ಗೋಡೆಗೆ ಅಂಟಿ ನಿಂತಿದ್ದಳು. "ನನ್ನ ಸೊಂಟ ಇಷ್ಟು ದಪ್ಪ ಇಲ್ಲ" ಎಂದಷ್ಟೇ ಹೇಳಿ ಮದರ್ ಇಳಿದುಹೋದರು. ಪಾರಿವಾಳಗಳು ಮಾತ್ರ ಆ ಚಾಚಿದ ಕೈಗಳ ಮೇಲೆಯೇ ಸಾಲಾಗಿ ಕೂತು ಊಟಕ್ಕೆ ಇಳಿಯುತ್ತಿದ್ದವು. ಮದರ್‌ಗೆ ಹೆದರದ ಜೀವಿಗಳನ್ನು ಆ ಕಾನ್ವೆಂಟು ಕಂಡದ್ದು ಅದೇ ಮೊದಲು. ಕೊನೆಗೆ ಬಲೆ ಕಟ್ಟಿದ ಮೇಲೆ ಬೆಳೆ ಉಳಿಯಿತು.

ಹಬ್ಬ ಭಾನುವಾರ ಬಿತ್ತು. ಊರಿನಿಂದ ತೆನೆ ತರುವ ಬಸ್ಸು ಈ ಸಲವೂ ಬಂತು. ಆದರೆ ಮಳೆಯಲ್ಲಿ ನೆನೆದ ತೆನೆಗಳು ಗೋಣಿಯೊಳಗೇ ಮೊಳಕೆಯೊಡೆದಿದ್ದವು. ದಹಿಸರ್‌ನ ಇಗರ್ಜಿಯಲ್ಲಿ ಫಾದರ್ ಪೀಠದ ಮುಂದೆ ನಿಂತು, ಈ ವರ್ಷದ ತೆನೆಗಳನ್ನು ಜೋಗೇಶ್ವರಿಯ ಕಾನ್ವೆಂಟಿನ ಟೆರೇಸಿನಲ್ಲಿ ನಮ್ಮ ಇಗರ್ಜಿಯ ಮಗಳೇ ಬೆಳೆದಿದ್ದಾಳೆ ಎಂದು ಹೆಸರು ಹಿಡಿದು ಹೇಳಿದರು. ಬೆಂಚುಗಳಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ನಮ್ಮ ಕಡೆ ತಿರುಗಿದವು. ಅಕ್ಕ ನನ್ನ ಕೈ ಹಿಡಿದಳು. ಭಾವ ಎದ್ದು ಹೊರಗೆ ಹೋಗುತ್ತಾನೆಂದೇ ನಾನು ಭಾವಿಸಿದ್ದೆ. ಅವನು ಎದ್ದ. ಸಾಲಿನಲ್ಲಿ ನಿಂತು, ಒಂದು ತೆನೆ ಇಸಿದುಕೊಂಡು, ಅಂಗಿಯ ಜೇಬಿಗೆ ಸಿಕ್ಕಿಸಿ ಬಂದ.

ಮನೆಯಲ್ಲಿ ಕನ್ನಡಕ ಹಾಕಿ ಮೇಜಿನ ಮುಂದೆ ಕೂತ. ಉಗುರಿನಿಂದ ಒಂದು ಕಾಳು ಸುಲಿದ. ಎರಡು. ಮೂರು. ಪ್ರತಿ ವರ್ಷ ಅಲ್ಲಿಗೆ ಕೈ ನಿಲ್ಲುತ್ತಿತ್ತು. ನಾಲ್ಕು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟಳು. ಐದು, ಆರು, ಏಳು.

"ಭಾವ, ಯಾರಾದರೂ ನೆಂಟರು ಬರ್ತಾರಾ?" ಎಂದು ಕೇಳಿದೆ.

"ನೀನು ಮಾತಾಡ್ಬೇಡ ಮಾರಾಯ. ಲೆಕ್ಕ ತಪ್ತದೆ."

ಹತ್ತು ಸುಲಿದ. ಮೂರನ್ನು ನಮ್ಮ ಪಾಯಸದಲ್ಲಿ ಹಾಕಿದ. ಉಳಿದವನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಅಕ್ಕನ ಕೈಯಿಂದ ಸೌಟು ತೆಗೆದುಕೊಂಡು ಮೇಲೆ ಪಾಯಸ ಸುರಿದು, ಮುಚ್ಚಳ ಬಿಗಿದು, ನನ್ನನ್ನು ನೋಡಿ "ನಡಿ" ಎಂದ. ಊಟವಾದ ಮೇಲೆ ಹೋಗೋಣವೆಂದು ಹೇಳಬೇಕೆನಿಸಿತು. ಅಕ್ಕ ನನ್ನ ಚಪ್ಪಲಿ ತಂದು ಎದುರಿಗಿಟ್ಟಿದ್ದಳು.

ಜೋಗೇಶ್ವರಿಯಲ್ಲಿ ಇಳಿದು ಭಾವ ಹತ್ತು ನಿಮಿಷದ ದಾರಿಯನ್ನೇ ಹಿಡಿದ. ಸಿಸ್ಟರ್ ಟೆರೇಸಿನಲ್ಲಿ ಖಾಲಿ ಬಕೆಟ್ಟು ತೊಳೆಯುತ್ತಿದ್ದಳು. ಅಪ್ಪನನ್ನು ಕಂಡು ಬಕೆಟ್ಟು ಕೆಳಗಿಟ್ಟಳು. ಭಾವ ಅವಳನ್ನು ನೋಡಲಿಲ್ಲ. ನೇರ ಡ್ರಮ್ಮಿನ ಬಳಿ ಹೋಗಿ ಪೈಪು ಮುಟ್ಟಿ ನೋಡಿದ.

"ವಾಲ್ವ್ ಉಲ್ಟಾ ಹಾಕಿದ್ದಿ."

"ಉಲ್ಟಾ ಅಲ್ಲ ಪಪ್ಪಾ, ಪ್ರೆಶರ್ ಕಮ್ಮಿ ಉಂಟಲ್ಲ, ಅದಕ್ಕೆ..."

"ಉಲ್ಟಾವೇ. ಗಾಲಾದ ಮಾಡು ಹತ್ತಿದ್ರೆ ಇಲ್ಲಿ ಎಲ್ಲ ಕಾಣ್ತದೆ. ಜೂನಿನಿಂದ ನೋಡ್ತಾ ಇದ್ದೇನೆ. ಆ ಬೊಂಬೆಯ ಕುತ್ತಿಗೆಯೂ ಸಡಿಲ ಉಂಟು."

ಮೊಣಕಾಲು ನೋವಿನ ಮನುಷ್ಯ ಜೂನಿನಿಂದ ತಗಡಿನ ಮಾಡು ಹತ್ತುತ್ತಿದ್ದಾನೆ! ಇಬ್ಬರೂ ಕಾಲು ಗಂಟೆ ವಾಲ್ವಿನ ವಿಷಯದಲ್ಲಿ ಜಗಳವಾಡಿದರು. ಆರು ವರ್ಷದ ಮೇಲಿನ ಮೊದಲ ಮಾತುಕತೆಯಲ್ಲಿ ಪ್ರೆಶರ್, ವಾಷರ್, ಲೀಕೇಜ್ ಎಂಬ ಶಬ್ದಗಳೇ ಇದ್ದವು. ಎಡಜೇಬಿನ ಸ್ಕ್ರೂಡ್ರೈವರ್ ಹೊರಬಂತು, ವಾಲ್ವು ಬಿಚ್ಚಿತು, ತಿರುಗಿ ಕೂತಿತು. ಉಲ್ಟಾವೇ ಆಗಿತ್ತು. ಆಮೇಲೆ ಭಾವ ಡಬ್ಬಿ ಚಾಚಿದ.

"ತಿನ್ನು. ಜಗಿದು ತಿನ್ನು, ನುಂಗಬೇಡ. ಏಳು ಉಂಟು."

"ಏಳಾ?"

"ಹಿಂದಿನ ಆರು ವರ್ಷದ್ದೂ ಸೇರಿ."

ಮಾತಿಗೆ ಮಾತು ಕೊಡುವುದರಲ್ಲಿ ಯಾರಿಗೂ ಸೋಲದ ನಮ್ಮ ಸಿಸ್ಟರ್ ಅಂದು ಬಾಯಿ ತೆರೆದದ್ದು ಪಾಯಸಕ್ಕೆ ಮಾತ್ರ. ಒಂದೊಂದು ಕಾಳನ್ನೂ ನಾಲಿಗೆಯಲ್ಲಿ ಹುಡುಕಿ, ಹಲ್ಲಿಗೆ ತಂದು, ಜಗಿದಳು. ಕಣ್ಣೀರು ಸುರಿಯುತ್ತಿದ್ದರೂ ಏಳೂ ಮುಗಿಯುವವರೆಗೆ ಡಬ್ಬಿ ಕೆಳಗಿಡಲಿಲ್ಲ. ನನಗೂ ಅಳು ಬಂತು. ಆಪರೇಶನ್ ಆದ ಕಣ್ಣಿನಿಂದಲೂ ನೀರು ಚೆನ್ನಾಗಿಯೇ ಬರುತ್ತದೆಂದು ಅಂದು ತಿಳಿಯಿತು.

ಮದರ್ ಸಂಜೆಯವರೆಗೆ ಅನುಮತಿ ಕೊಟ್ಟರು. ಮೂವರೂ ಸ್ಲೋ ಲೋಕಲ್ ಹತ್ತಿದೆವು. ಎಂದಿನಂತೆ ಅವಳು ಎಲ್ಲರಿಗಿಂತ ಮೊದಲು ನುಗ್ಗಿ ಕಿಟಕಿ ಹಿಡಿದಳು. ಭಾವ ಪಕ್ಕದಲ್ಲಿ ಕೂತ, ನಾನು ಎದುರಿಗೆ. ಗೋರೆಗಾಂವ್ ದಾಟಿತು. ಭಾವ ಖಾಲಿ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದ. ಅವನ ಗಲ್ಲ ನಡುಗುತ್ತಿತ್ತು. ಎದುರಿನವರೆಲ್ಲ ನೋಡುತ್ತಿದ್ದರು.

ಮಾಲಾಡ್ ಬರುವ ಮೊದಲು ಸಿಸ್ಟರ್ ಎದ್ದು ನಿಂತಳು. "ಪಪ್ಪಾ, ನೀವು ಇಲ್ಲಿ ಬನ್ನಿ."

"ಬೇಡ, ಅದು ನಿನ್ನದು."

"ಬನ್ನಿ."

ಭಾವ ಸರಿದು ಕಿಟಕಿಯ ಬಳಿ ಕೂತ. ಒಂದೇ ಕಣ್ಣಿನಲ್ಲಿ ಬಂದ ನನಗೆ ಸಿಗದ ಸೀಟು ಅದು. ಇವನಿಗೇಕೆ ಸಿಕ್ಕಿತೆಂದು ನನಗೆ ಮರುಕ್ಷಣವೇ ಗೊತ್ತಾಯಿತು. ಕಿಟಕಿಯ ಬಳಿ ಕೂತವನು ಮುಖವನ್ನು ಹೊರಗೆ ತಿರುಗಿಸಿಕೊಳ್ಳಬಹುದು. ದಹಿಸರ್ ಬರುವವರೆಗೂ ಭಾವ ನಮ್ಮ ಕಡೆ ತಿರುಗಲಿಲ್ಲ.